ಎಂಟನೆಯ ಹೆಗಲು

ನಮ್ಮೂರಲ್ಲಿ ಯಾವ ಮನೆಯೂ ಯಾರದ್ದೂ ಅಲ್ಲ. ಇರುವುದು ಒಂದೇ ಬೀದಿ, ನಲವತ್ತು ಮನೆ. ಚಳಿ ಕಳೆದು ಹುಣಸೆ ಬಡಿಯುವ ಕಾಲಕ್ಕೆ ಒಂದು ದಿನ ಜರುಗು ಬರುತ್ತದೆ. ಅವತ್ತು ಬೆಳಗಿನಿಂದ ಸಂಜೆ ದೀಪ ಹಚ್ಚುವುದರೊಳಗೆ ಪ್ರತಿ ಸಂಸಾರವೂ ತಾನಿದ್ದ ಮನೆ ಬಿಟ್ಟು ಮೂಡಣ ಪಕ್ಕದ ಮನೆಗೆ ಹೋಗಬೇಕು. ಮೂಡಣದ ಕಟ್ಟಕಡೆಯ ಮನೆಯವರು ಬೀದಿಯುದ್ದಕ್ಕೂ ನಡೆದು ಪಡುವಣದ ಮೊದಲ ಮನೆ ಸೇರಬೇಕು. ಹೊರಗಿನವರು ಕೇಳಿದರೆ ಯಾಕೆ ಎನ್ನುತ್ತಾರೆ. ನಮಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ.

ಜರುಗಿನ ದಿನ ಬೀದಿಯಲ್ಲಿ ಏನನ್ನೂ ಎಳೆಯುವಂತಿಲ್ಲ, ಗಾಡಿ ಹೂಡುವಂತಿಲ್ಲ, ಹೆಗಲ ಮೇಲೆ ಹೊರಬೇಕು. ದೀಪ ಹಚ್ಚಿದಾಗ ಬೀದಿಯಲ್ಲಿ ಉಳಿದದ್ದು ಬೀದಿಗೆ ಸೇರಿದ್ದು. ಮರದ್ದಾದರೆ ಊರೊಟ್ಟಿನ ಊಟದ ಒಲೆಗೆ ಹೋಗುತ್ತದೆ. ನಮ್ಮಜ್ಜನ ಕಾಲದಲ್ಲಿ ಒಬ್ಬ ಸೋಮಾರಿಯ ಮಂಚ ಹೀಗೆ ಒಲೆ ಸೇರಿತಂತೆ. ಆ ಕಥೆಯನ್ನು ನಾವು ನಗುತ್ತಾ ಹೇಳಿಕೊಳ್ಳುತ್ತಿದ್ದೆವು. ಈಗ ಯಾರೂ ಹೇಳುವುದಿಲ್ಲ. ಹೇಳದಂತೆ ಮಾಡಿದವನು ನಾನು.

ಇಂಥ ಊರಲ್ಲಿ ಮರದ ಸಾಮಾನು ಇಟ್ಟುಕೊಳ್ಳುವುದೆಂದರೆ ಜನ ಇಟ್ಟುಕೊಂಡ ಹಾಗೆ. ಹಲಸಿನ ಮಂಚಕ್ಕೆ ನಾಲ್ಕು ಹೆಗಲು ಬೇಕು, ತೇಗದ ಬೀರುವಿಗೆ ಆರು. ಅಷ್ಟು ಹೆಗಲು ಸಿಗಬೇಕಾದರೆ ವರ್ಷವಿಡೀ ಅಷ್ಟು ಜನರ ಜೊತೆ ಬಾಯಿ ಸರಿಯಾಗಿಟ್ಟುಕೊಂಡಿರಬೇಕು, ಅವರ ಮಂಚಕ್ಕೂ ನಾವು ಹೆಗಲು ಕೊಟ್ಟಿರಬೇಕು. ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ಜರುಗಿನ ಹಿಂದಿನ ಸಂಜೆ ಮನೆಯ ಮುಂದೆ ಸಾಮಾನು ಕಟ್ಟಿ ಹೊರುವ ಗಳ ಇಟ್ಟಿರುತ್ತಾರೆ. ಹೊರುವವನು ಬಂದು ತನ್ನ ಟವೆಲನ್ನು ಗಳದ ಮೇಲೆ ತನ್ನ ಜಾಗದಲ್ಲಿ ಕಟ್ಟಿ ಹೋಗುತ್ತಾನೆ. ಕಟ್ಟಿದನೆಂದರೆ ಮುಗಿಯಿತು. ಆ ಜಾಗ ಅವನದು. ಮಾರನೆಯ ದಿನ ಅವನನ್ನು ಕೂಗಿ ಕರೆಯುವುದು ಅವಮಾನ, ಆದ್ದರಿಂದ ಕರೆಯುವುದಿಲ್ಲ, ಕಾಯುತ್ತಾರೆ. ಟವೆಲ್ ಕಟ್ಟಿದ ಜಾಗಕ್ಕೆ ಬೇರೆಯವನು ಹೆಗಲು ಕೊಡುವುದು ಒಂದೇ ಸಂದರ್ಭದಲ್ಲಿ, ಟವೆಲ್ಲಿನವನು ಸತ್ತಾಗ.

ನಾನು ಈ ಊರಿನ ಡ್ರಿಲ್ ಮೇಷ್ಟ್ರು, ಪರಮೇಶ. ಆರಡಿ ಎತ್ತರ, ಅದಕ್ಕೆ ತಕ್ಕ ಹೆಗಲು. ಇಪ್ಪತ್ತನೆಯ ವಯಸ್ಸಿನಿಂದ ಪ್ರತಿ ಜರುಗಿನಲ್ಲೂ ಹನ್ನೊಂದು ಮನೆಗೆ ಹೆಗಲು ಕೊಟ್ಟವನು. ಮೊದಮೊದಲು ಅದೊಂದು ಹೆಮ್ಮೆ. ನಲವತ್ತು ದಾಟಿದ ಮೇಲೆ ಜರುಗು ಮುಗಿದು ವಾರದವರೆಗೆ ಕತ್ತು ತಿರುಗುತ್ತಿರಲಿಲ್ಲ. ಹೆಂಡತಿ ವಿಮಲಾಕ್ಷಿ ಎಣ್ಣೆ ಕಾಯಿಸಿ ತಿಕ್ಕುತ್ತಾ, "ನಮ್ಮದೊಂದು ಬೀರು ಹೊರಿಸೋದಕ್ಕೆ ಊರ್ನೋರ ಬೀರೆಲ್ಲಾ ನೀವು ಹೊರ್ಬೇಕಾ" ಎನ್ನುತ್ತಿದ್ದಳು. ಅದರಲ್ಲಿ ನ್ಯಾಯವಿತ್ತು. ನಮ್ಮಪ್ಪನ ಹಲಸಿನ ಬೀರು ನಮಗೇನೂ ಕೆಟ್ಟದ್ದು ಮಾಡಿರಲಿಲ್ಲ, ನೂರು ವರ್ಷ ಬಾಳುವಂಥದ್ದು. ಆದರೆ ನೂರು ವರ್ಷ ಹೊರುವವರು ಯಾರು?

ಹೀಗಿರುವಾಗ ಒಂದು ವರ್ಷ ಡಬ್ಬದ ಬೀರು ಬಂತು. ಪಟ್ಟಣದ ಅಂಗಡಿಯವನು ಬಣ್ಣದ ಕಾಗದ ಹಂಚಿ ಹೋಗಿದ್ದ. ಬೀರುವೆಲ್ಲ ಹಲಗೆ ಹಲಗೆಯಾಗಿ ಎರಡು ರಟ್ಟಿನ ಡಬ್ಬದಲ್ಲಿ ಬರುತ್ತದೆ, ಮನೆಯಲ್ಲೇ ಸ್ಕ್ರೂ ಹಾಕಿ ನಿಲ್ಲಿಸಿಕೊಳ್ಳಬೇಕು. ಜರುಗು ಬಂದಾಗ ಬಿಚ್ಚಿ, ಒಬ್ಬನೇ ಒಂದೊಂದೇ ಹಲಗೆ ಕಂಕುಳಲ್ಲಿಟ್ಟುಕೊಂಡು ಹೋದರಾಯಿತು. ಬೆಲೆ ಮರದ ಬೀರುವಿನ ಆರನೇ ಒಂದು ಪಾಲು. ಕಾಗದದ ಮೇಲೆ ಒಬ್ಬ ಮನುಷ್ಯ ನಗುತ್ತಾ ಸ್ಕ್ರೂ ತಿರುಗಿಸುತ್ತಿದ್ದ, ಪಕ್ಕದಲ್ಲಿ 'ಹದಿನೈದೇ ನಿಮಿಷ' ಎಂದು ಬರೆದಿತ್ತು. ನಾನು ಹಲಸಿನ ಬೀರುವನ್ನು ಹಳ್ಳದಾಚೆಯ ಸಂಬಂಧಿಕರಿಗೆ ಕೊಟ್ಟು, ಡಬ್ಬ ತರಿಸಿದೆ, ಜರುಗಿ ಹೋದ ಮನೆಯಲ್ಲೇ ನಿಲ್ಲಿಸೋಣವೆಂದು ಕೂಡಿಸದೆ ಇಟ್ಟೆ. ತರಿಸಿ ಸುಮ್ಮನಿದ್ದೆನೇ? ಸಿಕ್ಕವರಿಗೆಲ್ಲ ಹದಿನೈದು ನಿಮಿಷದ ಪುರಾಣ ಊದಿದೆ. ಹಿಟ್ಟಿನ ಗಿರಣಿಯ ಓಂಕಾರಪ್ಪ ಡಬ್ಬದೊಳಗೆ ಇಣುಕಿ ನೋಡಿ, "ಏನ್ ಮೇಷ್ಟ್ರೇ, ಬೀರು ತಂದ್ರೋ ಇಸ್ಪೀಟ್ ಎಲೆ ತಂದ್ರೋ? ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದಂಗೆ ಆಗದಿದ್ರೆ ಸಾಕು" ಎಂದ. ನಾನು, "ನೋಡ್ತಿರು ಓಂಕಾರಪ್ಪ, ನಿನ್ನ ಚಾ ಆರೋದ್ರೊಳಗೆ ನಿಲ್ಲಿಸ್ತೀನಿ" ಎಂದೆ.

ಇನ್ನು ಹಾಲಮ್ಮತ್ತೆಯ ವಿಷಯ. ಅವಳು ನಮಗೆ ರಕ್ತಸಂಬಂಧಿಯಲ್ಲ. ನಾನು ಹುಟ್ಟಿದಾಗಿನಿಂದ ನಮಗಿಂತ ಒಂದು ಮನೆ ಮುಂದೆ ಜರುಗುತ್ತಾ ಬಂದವಳು. ಅವಳು ಬಿಟ್ಟ ಮನೆಗೇ ಪ್ರತಿ ವರ್ಷ ನಾವು ಹೋಗುವುದು. ಅವಳು ಬಿಡುವ ಮನೆಯಲ್ಲಿ ಸಾರಿಸಿದ ನೆಲ, ತುಂಬಿದ ಕೊಡ ಇದ್ದೇ ಇರುತ್ತಿತ್ತು. ಗಂಡ ಬೇಗ ಹೋದ. ಕೌದಿ ಹೊಲಿದು ಬದುಕಿದವಳು. ಅವಳದ್ದೊಂದು ಹೊನ್ನೆ ಮರದ ಬೀರು, ಒಂದೂ ಮೊಳೆಯಿಲ್ಲದೆ ಕೂಡಿಸಿದ್ದು, ಬಿಚ್ಚಲು ಬಾರದ್ದು. ಎಂಟು ಹೆಗಲಿಲ್ಲದೆ ನೆಲ ಬಿಡುತ್ತಿರಲಿಲ್ಲ. ಏಳು ಜನ ಎಷ್ಟೇ ಮುಕ್ಕಿರಿದರೂ ಒಂದು ಗೇಣು ಏಳುತ್ತಿರಲಿಲ್ಲ, ಅದನ್ನು ಪಂಥ ಕಟ್ಟಿ ನೋಡಿದವರಿದ್ದರು.

ಗೋಡೆ ನಮ್ಮದಲ್ಲವಾದ್ದರಿಂದ ನಮ್ಮೂರಲ್ಲಿ ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕುವುದಿಲ್ಲ, ಬೀರುವಿನ ಪಕ್ಕದ ಹಲಗೆಯ ಮೇಲೆ ಹಾಕುತ್ತಾರೆ. ಅತ್ತೆಯ ಮಗಳು ನಾಗವೇಣಿ ನನ್ನ ವಾರಿಗೆಯವಳು. ಪ್ರತಿ ಜರುಗಿನ ಹಿಂದಿನ ದಿನ ಅತ್ತೆ ನಮ್ಮಿಬ್ಬರನ್ನೂ ಆ ಹಲಗೆಗೆ ಒರಗಿಸಿ ನಿಲ್ಲಿಸಿ ಚೂರಿಯಿಂದ ಗೆರೆ ಎಳೆಯುತ್ತಿದ್ದಳು. ವೇಣಿಯದು ಯಾವಾಗಲೂ ನನಗಿಂತ ಎರಡು ಬೆರಳು ಮೇಲೆ. ಅದಕ್ಕೆ ನಾನು ಅತ್ತದ್ದೂ ಉಂಟು. ಹನ್ನೊಂದನೆಯ ವರ್ಷದಲ್ಲಿ ಒಂದು ಜ್ವರ ಬಂದು ನಾಲ್ಕು ದಿನದಲ್ಲಿ ವೇಣಿ ಹೋದಳು. ಮುಂದಿನ ಜರುಗಿಗೆ ನಾನು ಆ ಮನೆಯ ಕಡೆ ಸುಳಿಯದೆ ಅಡಗಿಕೊಂಡಿದ್ದೆ. ಅತ್ತೆಯೇ ಹುಡುಕಿಕೊಂಡು ಬಂದು ಕೈಹಿಡಿದು ಕರೆದೊಯ್ದು ನಿಲ್ಲಿಸಿದಳು. ನನ್ನ ಗೆರೆ ಎಳೆದು, ಅದರ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ನೋಡಿದಳು. "ನಿನ್ನ ಅಳತೆ ಸಿಕ್ಕಿದ್ರೆ ಅವಳದ್ದೂ ಸಿಕ್ಕಂಗೆ" ಎಂದಳು. ಅಂದಿನಿಂದ ಒಂದು ವರ್ಷವೂ ತಪ್ಪಲಿಲ್ಲ. ನಾನು ಬೆಳೆದು ಆರಡಿಗೆ ನಿಂತ ಮೇಲೆ ಗೆರೆ ಮೇಲೇರಲಿಲ್ಲ, ಆದರೂ ಸ್ಟೂಲು ಹತ್ತಿ ಅದೇ ಗೆರೆಯ ಮೇಲೆ ಮತ್ತೆ ಚೂರಿ ಎಳೆದು ಎರಡು ಬೆರಳಿಡುತ್ತಿದ್ದಳು. "ಇಷ್ಟುದ್ದದ ಹುಡುಗಿಗೆ ಗಂಡು ಎಲ್ಲಿಂದ ತರ್ಲಪ್ಪ ಪರ್ಮೇಶಿ" ಎಂದು ನಗುವಳು. ಆ ಹಲಗೆಯಲ್ಲದೆ ವೇಣಿಯದೆನ್ನುವ ವಸ್ತು ಅವಳ ಹತ್ತಿರ ಬೇರೆ ಉಳಿದಿರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ.

ಡಬ್ಬ ತರಿಸಿದ ವರ್ಷ ಅತ್ತೆ ಮೂಡಣದ ಕಟ್ಟಕಡೆಯ ಮನೆಯಲ್ಲಿದ್ದಳು. ಎಂದರೆ ಬೀರುವನ್ನು ಬೀದಿಯುದ್ದಕ್ಕೂ ಹೊತ್ತು ಪಡುವಣದ ಮೊದಲ ಮನೆಗೆ ಸೇರಿಸಬೇಕು, ಇಳಿಸಿ ಎತ್ತಿ ಹೋದರೆ ಮುಕ್ಕಾಲು ಗಂಟೆಯ ದಾರಿ. ಆ ಸಲ ನಾನು ಯಾರ ಗಳಕ್ಕೂ ಟವೆಲ್ ಕಟ್ಟಬಾರದೆಂದಿದ್ದೆ. ನನಗೆ ಹೆಗಲು ಬೇಡವಾದ ಮೇಲೆ ನಾನ್ಯಾಕೆ ಕೊಡಲಿ? ಹತ್ತು ಮನೆಯವರಿಗೆ ಕಟ್ಟಲಿಲ್ಲ, ಅವರು ಬೇರೆಯವರನ್ನು ನೋಡಿಕೊಂಡರು, ಯಾರಿಗೂ ತೊಂದರೆಯಾಗಲಿಲ್ಲ. ಅತ್ತೆಯ ಗಳಕ್ಕೆ ಮಾತ್ರ ಕಟ್ಟಿದೆ. ಪ್ರೀತಿಯಿಂದ ಕಟ್ಟಿದೆ ಎಂದು ಹೇಳಲು ನಾಲಗೆ ಏಳುವುದಿಲ್ಲ. ಗೆರೆ ಎಳೆಸಿಕೊಳ್ಳಲು ಹೋದವನು ಗಳದ ಮುಂದೆ ಬರಿಗೈಯಲ್ಲಿ ಹಾದುಬರಲು ನಾಚಿ ಕಟ್ಟಿದೆ. ಕಟ್ಟದೇ ಇದ್ದಿದ್ದರೆ ಆ ಎಂಟನೆಯ ಜಾಗಕ್ಕೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು. ಇದನ್ನು ನಾನು ಎಷ್ಟು ಸಾವಿರ ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಜರುಗಿನ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ನಾವು ಎಂಟು ಜನ ಬೀರುವನ್ನು ಹೊರತಂದು ಬಾಗಿಲ ಮುಂದೆ ಇಳಿಸಿದೆವು. ಅತ್ತೆಯ ಮನೆ ಖಾಲಿಯಾಯಿತು, ಇನ್ನು ಅದು ನನ್ನದು. ಅಷ್ಟರಲ್ಲಿ ಅಕಾಲದ ನಾಲ್ಕು ಹನಿ ಉದುರಿದವು. ಡಬ್ಬದ ಹಲಗೆಗೆ ನೀರು ತಾಗಿದರೆ ಮಂಡಕ್ಕಿಯಂತೆ ಉಬ್ಬುತ್ತದೆ ಎಂದು ಅಂಗಡಿಯವನು ಹೇಳಿದ್ದ. "ಒಂದ್ ನಿಮಿಷ, ಇದನ್ನ ಒಳಗಿಟ್ಟು ಬಂದೆ" ಎಂದು, ತಂದು ಬೀದಿಯಲ್ಲಿಟ್ಟಿದ್ದ ಎರಡು ಡಬ್ಬವನ್ನೂ ಒಳಗೆ ಸೇರಿಸಿದೆ. ಓಂಕಾರಪ್ಪ ಹೊರಗಿನಿಂದ, "ಹದ್ನೈದು ನಿಮಿಷ ಅಲ್ವಾ, ನಿಲ್ಲಿಸ್ಕೊಂಡೇ ಬಂದ್ಬಿಡಿ ಮೇಷ್ಟ್ರೇ. ನಾವೂ ಚಾ ಕುಡೀತೀವಿ" ಎಂದು ಕಿಚಾಯಿಸಿದ. ಏಳೂ ಜನ ನಕ್ಕರು. ಆ ನಗು ನನಗೆ ಚುಚ್ಚಿತು. ತೋರಿಸಿಯೇ ಬಿಡುತ್ತೇನೆಂದು ಬಾಗಿಲು ಹಾಕಿಕೊಂಡೆ.

ಡಬ್ಬದಲ್ಲಿ ಸ್ಕ್ರೂ ತಿರುಗಿಸುವ ಒಂದು ಸೊಟ್ಟ ಕೀಲಿ, ಮೂರು ಪೊಟ್ಟಣ ಸ್ಕ್ರೂ, ಅಕ್ಷರವೇ ಇಲ್ಲದ ಬರೀ ಚಿತ್ರದ ಹಾಳೆ. ಚಿತ್ರ ನೋಡಿ ಎರಡು ಪಕ್ಕದ ಹಲಗೆಗೆ ತಳ ಕೂಡಿಸಿದೆ. ನಿಲ್ಲಿಸಿ ನೋಡಿದರೆ ಒಂದು ಪಕ್ಕ ಒಳಗು ಹೊರಗಾಗಿತ್ತು, ತೂತುಗಳೆಲ್ಲ ಗೋಡೆಯ ಕಡೆ ನೋಡುತ್ತಿದ್ದವು. ಬಿಚ್ಚಿದೆ. ಬಿಚ್ಚಿದ ತೂತಿಗೆ ಮತ್ತೆ ಸ್ಕ್ರೂ ಹಾಕಿದರೆ ರವೆಯಂಥ ಪುಡಿ ಉದುರಿತು. ಅದಕ್ಕೆ ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿದೆ. ಚಾ ಕುಡಿದ ಲೋಟಗಳ ಸದ್ದು ಮುಗಿಯಿತು. ಹಿಂಬದಿಯ ತೆಳ್ಳನೆಯ ಹಲಗೆ ಕೊರೆದ ಜಾಡಿನಲ್ಲಿ ಕೂರಲಿಲ್ಲ. ಅರ್ಧಕ್ಕೆ ಬಿಟ್ಟು ಹೊರಗೆ ಹೋದರೆ ಓಂಕಾರಪ್ಪನ ಬಾಯಿಗೆ ಬೀಳಬೇಕು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎನ್ನುತ್ತಾ ಕೂತೆ. ಹೊರಗೆ ಮಾತು ಕಡಿಮೆಯಾಗುತ್ತಾ ಬಂತು. ಕಿಟಕಿಯ ಸಂದಿಯಿಂದ ನೋಡಿದೆ. ಏಳು ಜನ ಏಳು ಜಾಗದಲ್ಲಿ ಗಳದ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಕೊನೆಯ ಜಾಗದಲ್ಲಿ ನನ್ನ ನೀಲಿ ಅಂಚಿನ ಟವೆಲ್. ಅತ್ತೆ ಬೀರುವಿಗೆ ಕೈ ಆನಿಸಿ ನಿಂತಿದ್ದಳು.

ವಿಮಲಾಕ್ಷಿ ಒಳಗಿನಿಂದ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಹೋಗ್ರಿ. ಅವರು ಕಾಯ್ತಾ ಇದಾರೆ."

"ಎರಡೇ ಸ್ಕ್ರೂ ಉಳಿದಿರೋದು" ಎಂದೆ.

ಈಗ ಹೇಳುವುದನ್ನು ನಾನು ಈವರೆಗೆ ಅವಳಿಗೂ ಹೇಳಿಲ್ಲ. ಆ ಮಾತು ಸುಳ್ಳು. ಬೀರು ಆಗಲೇ ನಿಂತಿತ್ತು. ಸೊಟ್ಟಗೆ ನಿಂತಿತ್ತು, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಆದರೆ ನಿಂತಿತ್ತು. ಬಿಸಿಲಿನ್ನೂ ನೀರಿನ ಟ್ಯಾಂಕಿನ ಮೇಲಿತ್ತು, ಮುಕ್ಕಾಲು ಗಂಟೆಗಿಂತ ಹೆಚ್ಚೇ ಸಮಯವಿತ್ತು. ಬಾಗಿಲು ತೆಗೆದು, 'ತಡ ಆಯ್ತು, ತಪ್ಪಾಯ್ತು' ಎಂದು ಹೇಳಿ ಹೆಗಲು ಕೊಟ್ಟಿದ್ದರೆ ಮುಗಿಯುತ್ತಿತ್ತು. ಎರಡು ದಿನ ಊರು ನಗುತ್ತಿತ್ತು, ಅಷ್ಟೆ. ಆದರೆ ಅಷ್ಟು ಹೊತ್ತು ಕಾಯಿಸಿದ ಮೇಲೆ ಆ ಏಳು ಮುಖದ ಮುಂದೆ ಹೇಗೆ ಹೋಗಿ ನಿಲ್ಲುವುದು ಎಂದು ನಾನು ಆಗಲೇ ಬಿಗಿದಿದ್ದ ಸ್ಕ್ರೂ ಮೇಲೆ ಕೀಲಿಯಿಟ್ಟು ಸುಮ್ಮನೆ ತಿರುಗಿಸುತ್ತಾ ಕೂತೆ. ಒಂದೊಂದು ನಿಮಿಷ ಹೋದಂತೆ ಬಾಗಿಲು ತೆಗೆಯುವುದು ಇನ್ನಷ್ಟು ಕಷ್ಟವಾಯಿತು. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಬಿಸಿಲು ಟ್ಯಾಂಕು ಬಿಟ್ಟು ಇಳಿದಾಗ ಓಂಕಾರಪ್ಪ ಎದ್ದು ನಿಂತದ್ದು ಕೇಳಿಸಿತು. "ಅತ್ತೆ, ಹೊತ್ತಾಗ್ತಾ ಐತೆ. ನಮ್ಮ ಗಿರಣಿ ಆಳು ಹುಚ್ಚೀರನ್ನ ಕರೀತೀನಿ. ಆ ಟವೆಲ್ ಬಿಚ್ಚಿಬಿಡು. ಈಗ ಹೊರಟ್ರೆ ಓಡಿಕೊಂಡಾದ್ರೂ ಮುಟ್ಟಿಸ್ತೀವಿ."

ಅತ್ತೆಯ ದನಿ ಕಿಟಕಿಗೆ ತೀರಾ ಹತ್ತಿರವಿತ್ತು. "ಬೇಡಪ್ಪ. ಅವನು ಬದುಕಿದಾನೆ. ಬರ್ತಾನೆ."

ಒಂದು ಮಗುವಿನ ಹೆಣ ಕಂಡವಳು ಇನ್ನೊಬ್ಬನನ್ನು ಸತ್ತವರ ಲೆಕ್ಕಕ್ಕೆ ಸೇರಿಸಲು ಒಪ್ಪಲಿಲ್ಲ. ಒಳಗೆ ನಾನು ಕೀಲಿ ತಿರುಗಿಸುತ್ತಿದ್ದೆ.

ದೀಪ ಹಚ್ಚಿದ ಮೇಲೆ ಬಾಗಿಲು ತೆಗೆದೆ. ಯಾರೂ ನನ್ನನ್ನು ನೋಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅತ್ತೆ ಗಳದಿಂದ ನನ್ನ ಟವೆಲ್ ಬಿಚ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡಳು. ಪಕ್ಕದ ಹಲಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಒಮ್ಮೆ ಕೈಯಾಡಿಸಿ, "ಹೂಂ" ಎಂದು ಸರಿದು ನಿಂತಳು. ಓಂಕಾರಪ್ಪನೇ ಕೊಡಲಿ ಹಿಡಿಯಬೇಕಾಯಿತು. ಆ ಮರ ಸುಲಭಕ್ಕೆ ಸೀಳಲಿಲ್ಲ, ಕೊಡಲಿ ಎರಡು ಸಲ ಜಿಗಿದು ವಾಪಸ್ಸು ಬಂತು. ಆಮೇಲೆ ಊರೊಟ್ಟಿನ ಒಲೆಯಲ್ಲಿ ಹೊಗೆಯೇ ಇಲ್ಲದೆ ಉರಿಯಿತು. ಅನ್ನ ಹದವಾಗಿ ಬೆಂದಿತ್ತು. ಊಟಕ್ಕೆ ಕೂರದೆ ಹೋಗುವಂತಿಲ್ಲ, ಅದೂ ಕಟ್ಟಳೆ. ಎಲೆಯ ಮುಂದೆ ಕೂತು ನಾನು ಆ ಅನ್ನ ಉಂಡೆ. ಪ್ರತಿ ತುತ್ತಿಗೂ ನೆಲ ಬಾಯಿಬಿಡಬಾರದೇ ಎನ್ನಿಸಿತು, ನೆಲ ಬಿಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಜಗಲಿಯ ಮೇಲೆ ನನ್ನ ಟವೆಲ್ ಒಗೆದು, ಒಣಗಿಸಿ, ನಾಲ್ಕು ಮಡಿಕೆ ಹಾಕಿ ಇಟ್ಟಿತ್ತು.

ಆ ವರ್ಷ ಹೇಗೆ ಕಳೆಯಿತೋ. ಶಾಲೆಯ ಅಂಗಳದಲ್ಲಿ ಮಕ್ಕಳಿಗೆ 'ನೆಟ್ಟಗೆ ನಿಲ್ಲಿ' ಎಂದು ಕೂಗುವಾಗ ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು. ಪಡುವಣದ ಮೊದಲ ಮನೆಯ ಕಡೆ ಹೋಗುವ ಧೈರ್ಯ ಬರಲಿಲ್ಲ. ಎರಡು ಸಲ ಅರ್ಧ ಬೀದಿಯವರೆಗೆ ಹೋಗಿ ಹಿಂದಿರುಗಿದೆ. ಮಳೆಗಾಲದಲ್ಲಿ ನಮ್ಮ ಡಬ್ಬದ ಬೀರುವಿನ ಕಾಲು ಉಬ್ಬಿತು, ಸೀರೆಗಳ ಭಾರಕ್ಕೆ ನಡುವಿನ ಹಲಗೆ ಬಾಗಿತು. ವಿಮಲಾಕ್ಷಿ ಸೀರೆಗಳನ್ನು ತೆಗೆದು ಹಗ್ಗದ ಮೇಲೆ ಹಾಕಿದಳು. ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಆ ವರ್ಷ ಮುಕ್ಕಾಲು ಊರು ಡಬ್ಬದ ಸಾಮಾನು ತರಿಸಿತು. ಟವೆಲ್ ಕಟ್ಟಿದವನೇ ಬರದಿದ್ದರೆ ಮರದ ಸಾಮಾನು ಇಟ್ಟುಕೊಂಡು ಏನು ಮಾಡುವುದು ಎಂದು ಜನ ಯೋಚಿಸಿದರು. ಪಟ್ಟಣದ ಅಂಗಡಿಯವನು ನನ್ನನ್ನು ಹುಡುಕಿಕೊಂಡು ಬಂದು ಕೈ ಕುಲುಕಿ, "ನಿಮ್ಮಿಂದ ಒಳ್ಳೇ ವ್ಯಾಪಾರ ಆಯ್ತು ಸಾರ್" ಎಂದು ಒಂದು ಕ್ಯಾಲೆಂಡರ್ ಕೊಟ್ಟು ಹೋದ.

ಮತ್ತೆ ಜರುಗು ಬಂತು. ಹಿಂದಿನ ಸಂಜೆ ಮರದ ಸಾಮಾನು ಉಳಿಸಿಕೊಂಡಿದ್ದ ಮನೆಗಳಿಗೆಲ್ಲ ಹೋಗಿ ಟವೆಲ್ ಕಟ್ಟಿದೆ, ಒಂಬತ್ತು ಮನೆಗೆ ಒಂಬತ್ತು. ಬೆಳಗಾಗುವುದರೊಳಗೆ ಒಂಬತ್ತೂ ಬಿಚ್ಚಿ ನನ್ನ ಜಗಲಿಗೆ ಬಂದಿದ್ದವು, ಅಚ್ಚುಕಟ್ಟಾಗಿ ಮಡಚಿ. ತಪ್ಪು ಅವರದಲ್ಲ. ಮಾಡಿದ್ದುಣ್ಣೋ ಮಹರಾಯ.

ಈ ಸಲ ಕಟ್ಟಕಡೆಯ ಮನೆಯಲ್ಲಿದ್ದವನು ನಾನು. ಬೀದಿಯುದ್ದಕ್ಕೂ ಹೊತ್ತು ಅತ್ತೆ ಬಿಡಲಿದ್ದ ಮೊದಲ ಮನೆಗೆ ಸೇರಬೇಕು. ಬೀರು ಬಿಚ್ಚಲು ಹೋದರೆ ಸ್ಕ್ರೂಗಳು ಕೈಬೆರಳಿಗೇ ಕಿತ್ತು ಬಂದವು, ತೂತಿನ ಸುತ್ತಲ ಹಲಗೆ ಪುಡಿಪುಡಿ. ಇದು ಇನ್ನೊಮ್ಮೆ ನಿಲ್ಲುವುದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಆದರೂ ಹೊತ್ತೆ. ಒಬ್ಬನೇ, ಒಂದೊಂದೇ ಹಲಗೆ, ಹೋಗಿ ಬಂದು ಹೋಗಿ ಬಂದು. ಮರದ ಸಾಮಾನಿನ ಒಂಬತ್ತು ಮನೆಯವರು ಬೆಳಗ್ಗೆಯೇ ಹೊತ್ತು ಮುಗಿಸಿದ್ದರು, ಬೀದಿಯಲ್ಲಿ ಉಳಿದವರೆಲ್ಲ ಹಾಗೇ ಇದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ಬಿಳಿ ಹಲಗೆ, ಯಾರಿಗೂ ಯಾರ ಹತ್ತಿರವೂ ಮಾತಿಲ್ಲ. 'ಹುಷಾರು, ಎಡಕ್ಕೆ, ಹೆಗಲು ಬದಲಾಯಿಸು' ಎನ್ನುವ ಕೂಗಿಲ್ಲದ ಜರುಗನ್ನು ನಾನು ಅವತ್ತೇ ಮೊದಲು ಕಂಡದ್ದು.

ಕೊನೆಯ ಹಲಗೆ ಹೊತ್ತು ಹೋದಾಗ ಅತ್ತೆ ಹೊಸ್ತಿಲ ಹೊರಗೆ ತನ್ನ ತಗಡಿನ ಟ್ರಂಕಿನ ಮೇಲೆ ಕೂತಿದ್ದಳು. ಅವಳ ಸಾಮಾನು ಈಗ ಅಷ್ಟೇ. ಒಳಗೆ ನೆಲ ಸಾರಿಸಿತ್ತು, ಮೂಲೆಯಲ್ಲಿ ತುಂಬಿದ ಕೊಡವಿತ್ತು. ನಾನು ತಲೆ ತಗ್ಗಿಸಿಕೊಂಡು ಅವಳನ್ನು ದಾಟಲು ನೋಡಿದೆ.

"ಅದನ್ನ ಇಳಿಸು" ಎಂದಳು.

ಇಳಿಸಿದೆ.  

"ನಿನ್ನೆ ಸಾಯಂಕಾಲ ಎಲ್ಲರ ಮನೆಗೂ ಹೋದೆಯಂತೆ, ನಮ್ಮನೆಗೆ ಬರ್ಲಿಲ್ಲ. ದೀಪ ಹಚ್ಚೋವರ್ಗೂ ಕಾದೆ."

"ನಿನ್ನ ಹತ್ರ ಹೊರೋದೇನೂ ಇಲ್ವಲ್ಲ ಅತ್ತೆ."

"ಹೊರೋಕಲ್ಲ ಕಣೋ. ಬಾ, ಇಲ್ಲಿ ಗೋಡೆಗೆ ಒರಗಿ ನಿಂತ್ಕೋ."

ನಿಂತೆ. ಅವಳು ನನ್ನ ತೋಳು ಹಿಡಿದುಕೊಂಡು ಮೆಲ್ಲನೆ ಟ್ರಂಕಿನ ಮೇಲೆ ಹತ್ತಿದಳು. ಕೈಯಲ್ಲಿ ಚೂರಿ ಇರಲಿಲ್ಲ, ಗೆರೆ ಎಳೆಯಲು ಹಲಗೆಯೂ ಇರಲಿಲ್ಲ. ನನ್ನ ನೆತ್ತಿಯ ಮೇಲೆ ಎರಡು ಬೆರಳು ಅಡ್ಡವಾಗಿ ಇಟ್ಟಳು. ಆ ಬೆರಳು ತಾಗಿದ್ದೇ ತಡ, ನನ್ನ ಕತ್ತು ತಾನಾಗಿ ಬಗ್ಗಿತು.

"ತಲೆ ತಗ್ಗಿಸ್ಬೇಡ ಪರ್ಮೇಶಿ" ಎಂದಳು ಅತ್ತೆ. "ನೀನು ತಗ್ಗಿದ್ರೆ ಅವಳೂ ತಗ್ತಾಳೆ."

ನಾನು ಹಿಮ್ಮಡಿ ಜೋಡಿಸಿ ತಲೆ ಎತ್ತಿದೆ. ಎದುರಿಗೆ ಬೀದಿ ಆ ತುದಿಯವರೆಗೂ ಕಾಣುತ್ತಿತ್ತು. ಓಂಕಾರಪ್ಪ, ಗಿರಣಿಯ ಆಳುಗಳು, ವಿಮಲಾಕ್ಷಿ, ನನ್ನ ಶಾಲೆಯ ಮಕ್ಕಳು, ಎಲ್ಲರೂ ತಂತಮ್ಮ ಹಲಗೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಅತ್ತೆ ಬೆರಳು ತೆಗೆಯುವವರೆಗೂ ನಾನು ಕಣ್ಣು ಇಳಿಸಲಿಲ್ಲ.